ಬಿಟ್ಟುಹೋದವರೆಲ್ಲ ಯೋನರಲ್ಲ

ಕೊಯಮತ್ತೂರಿನಿಂದ ಅವಿನಾಶಿ ರಸ್ತೆ ಹಿಡಿದು ತಿರುಪ್ಪೂರಿನ ಕಡೆಗೆ ಹೊರಟರೆ ನಡುವೆ ಕರುಮತ್ತಂಪಟ್ಟಿ ಸಿಗುತ್ತದೆ. ಪಕ್ಕದಲ್ಲೇ ಸೋಮನೂರು, ಅಲ್ಲಿನ ಪವರ್‌ಲೂಮುಗಳ ಸದ್ದು, ರಸ್ತೆಯಲ್ಲಿ ನೂಲು ಹೇರಿಕೊಂಡ ಲಾರಿಗಳು. ಊರಿನ ಜಪಮಾಲೆ ಮಾತೆಯ ಇಗರ್ಜಿ ಇವತ್ತು ಬೆಸಿಲಿಕಾ ಎನಿಸಿಕೊಂಡಿದೆ. 1846ರ ಅಕ್ಟೋಬರ್ 4ರಂದು ಈ ಊರಿನಲ್ಲಿ 32 ವರ್ಷದ ಫ್ರೆಂಚ್ ಪಾದ್ರಿಯೊಬ್ಬರಿಗೆ ಬಿಷಪ್ ದೀಕ್ಷೆ ಕೊಟ್ಟರು. ಹೆಸರು ಮೆಲ್ಕಿಯೋರ್ ದ ಮರಿಯೊನ್ ಬ್ರೆಸಿಯಾಕ್. ಹಿಂದಿನ ವರ್ಷವಷ್ಟೇ ಪುದುಚೇರಿ ಮಿಷನ್ನಿನಿಂದ ಮೈಸೂರನ್ನೂ ಕೊಯಮತ್ತೂರನ್ನೂ ಬೇರೆ ಮಾಡಿದ್ದರು. ಕೊಯಮತ್ತೂರು ಇವರ ಪಾಲಿಗೆ ಬಂತು. ಆಗಿನ ಕೊಯಮತ್ತೂರು ಜಿಲ್ಲೆಯೆಂದರೆ ನಮ್ಮ ಕೊಳ್ಳೇಗಾಲವೂ ಸೇರಿ. ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಆ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಹಾಗಾಗಿ ಇದು ನಮಗೆ ಪಕ್ಕದ ಮನೆಯ ಕಥೆ.

ಪಟ್ಟ ಕಟ್ಟಿ ಒಂಬತ್ತು ವರ್ಷ ತುಂಬುವ ಮೊದಲೇ ಬ್ರೆಸಿಯಾಕ್ ಅದನ್ನು ಬಿಟ್ಟರು. ಅವರನ್ನು ಯಾರೂ ಓಡಿಸಿರಲಿಲ್ಲ. ತಾವೇ ರೋಮಿಗೆ ಹೋಗಿ, ಈ ಹೊಣೆಯಿಂದ ನನ್ನನ್ನು ಬಿಡಿಸಿ ಎಂದು ಕೇಳಿದರು. 1855ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಒಪ್ಪಿದರು. ಬಿಷಪ್ ಆದವನು ತನ್ನ ಸಭೆಯನ್ನು ಕೈಹಿಡಿದ ಹೆಂಡತಿಯ ಹಾಗೆ ನೋಡಿಕೊಳ್ಳಬೇಕು ಎನ್ನುವ ಪರಂಪರೆಯಲ್ಲಿ ಇದು ಸಣ್ಣ ಮಾತಲ್ಲ. ಹೊರಗಿನಿಂದ ನೋಡಿದವರಿಗೆ ಇದು ಓಟವೇ. ದೇವರು ಕಳಿಸಿದ ಊರು ಒಂದು, ಹಡಗು ಹತ್ತಿದ್ದು ಇನ್ನೊಂದು ದಿಕ್ಕಿಗೆ. ಬೈಬಲ್ ಓದಿದ ಯಾರಿಗಾದರೂ ತಟ್ಟನೆ ನೆನಪಾಗುವ ಹೆಸರು ಯೋನ.

ಯೋನನ ಮೇಲಿನ ಪ್ರಸಂಗ ಕೇಳದ ಕ್ರೈಸ್ತರಿಲ್ಲ. ಕೊಯಮತ್ತೂರಿನ ಉಜ್ಜೀವನ ಕೂಟಗಳಲ್ಲಿ ತಮಿಳಿನಲ್ಲಿ, ಬೆಂಗಳೂರಿನ ಶಿವಾಜಿನಗರದಿಂದ ಮೈಸೂರಿನವರೆಗೆ ಕನ್ನಡದಲ್ಲಿ, ವರಸೆ ಒಂದೇ: ದೇವರು ನಿನೆವೆಗೆ ಹೋಗು ಎಂದ, ಇವನು ತಾರ್ಷೀಷಿಗೆ ಓಡಿದ, ಬಿರುಗಾಳಿ ಬಂತು, ಮೀನು ನುಂಗಿತು, ನಿನ್ನ ತಾರ್ಷೀಷ್ ಯಾವುದು, ಇವತ್ತೇ ತಿರುಗಿ ಬಾ. ಜೊತೆಗೆ ಒಂದು ಸಾಕ್ಷಿ. ಐಡಾ ಸ್ಕಡರ್ ಕಥೆ ಈ ಸಂದರ್ಭಕ್ಕೆ ಹೇಳಿ ಮಾಡಿಸಿದ್ದು. ಮಿಷನರಿ ಬದುಕು ತನಗೆ ಬೇಡವೆಂದಿದ್ದ ಹುಡುಗಿ. ತಿಂಡಿವನದಲ್ಲಿ ಒಂದೇ ರಾತ್ರಿ ಮೂರು ಮನೆಯವರು ಬಂದು ಹೆರಿಗೆಗೆ ಹೆಂಗಸೇ ಬೇಕು, ಗಂಡು ಡಾಕ್ಟರ್ ಬೇಡ ಎಂದರು. ಬೆಳಗಾಗುವಾಗ ಮೂವರು ಬಾಣಂತಿಯರೂ ಹೋಗಿದ್ದರು. ಅವಳು ಡಾಕ್ಟರಾಗಿ ಮರಳಿ ಬಂದಳು, ವೆಲ್ಲೂರಿನ ಆಸ್ಪತ್ರೆ ಎದ್ದಿತು. ಕಥೆ ನಿಜ, ದೊಡ್ಡದು ಕೂಡ. ಆದರೆ ಅದು ಸುಲಭದ ಉದಾಹರಣೆ ಎಂದೇ ನನಗೆ ಅನಿಸುವುದು. ಸುಲಭದ್ದು ಅವಳ ಬದುಕಲ್ಲ, ಅಲ್ಲಿ ಕೇಳಿಬಂದ ಕರೆಯ ಸ್ಪಷ್ಟತೆ. ಯಾವುದು ಕರೆ, ಯಾವುದು ಓಟ ಎಂಬ ಗೊಂದಲವೇ ಅಲ್ಲಿಲ್ಲ. ಕರುಮತ್ತಂಪಟ್ಟಿಯ ಬಿಷಪ್ಪರಿಗೆ ಇದ್ದದ್ದು ಆ ಗೊಂದಲವೇ.

ಪ್ರಸಂಗ ಬದಿಗಿಟ್ಟು ಯೋನನ ಪುಸ್ತಕವನ್ನೇ ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮೊದಲ ಅಧ್ಯಾಯದಲ್ಲಿ ದೇವರು ಮಾತಾಡಿದಾಗ ಯೋನ ಒಂದಕ್ಷರ ಆಡುವುದಿಲ್ಲ. ಒಲ್ಲೆ ಎನ್ನುವುದಿಲ್ಲ, ಏಕೆ ಎಂದು ಕೇಳುವುದಿಲ್ಲ. ಎದ್ದ, ಯೊಪ್ಪಕ್ಕೆ ಇಳಿದ, ಹಡಗು ಹುಡುಕಿದ, ಕೈಯಿಂದ ಬಾಡಿಗೆ ಕೊಟ್ಟ, ಹತ್ತಿದ. ಬಾಡಿಗೆಯ ವಿವರವನ್ನು ಬರೆದವನು ಮರೆತಿಲ್ಲ, ನೋಡಿ. ಗಾಳಿ ಎದ್ದಾಗ ನಾವಿಕರು ತಮ್ಮ ತಮ್ಮ ದೇವರುಗಳನ್ನು ಕೂಗುತ್ತಾರೆ, ಹೇರಿದ ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ. ಇವನು ಹಡಗಿನ ತಳದಲ್ಲಿ ಗಾಢ ನಿದ್ದೆಯಲ್ಲಿದ್ದಾನೆ. ಎದ್ದು ನಿನ್ನ ದೇವರನ್ನಾದರೂ ಬೇಡಿಕೋ ಎಂದು ಕಪ್ತಾನ ಬಂದು ಎಬ್ಬಿಸಬೇಕಾಗುತ್ತದೆ. ಅನ್ಯದೇವರ ಜನ ಪ್ರಾರ್ಥಿಸುತ್ತಿದ್ದಾರೆ, ಪ್ರವಾದಿ ಬಾಯಿ ಮುಚ್ಚಿಕೊಂಡಿದ್ದಾನೆ. ತನ್ನನ್ನು ಸಮುದ್ರಕ್ಕೆ ಎಸೆಯಿರಿ ಎಂದು ನಾವಿಕರಿಗೆ ಹೇಳುತ್ತಾನೆ ಹೊರತು ದೇವರಿಗೆ ಆಗಲೂ ಉತ್ತರಿಸುವುದಿಲ್ಲ. ಸಾಯುವುದಾದರೂ ಸರಿ, ಆ ಮಾತುಕತೆ ಮಾತ್ರ ಬೇಡ!

ಇದನ್ನು ಮೋಶೆಯ ಪಕ್ಕದಲ್ಲಿಟ್ಟು ನೋಡಬೇಕು. ಉರಿಯುವ ಪೊದೆಯ ಮುಂದೆ ಮೋಶೆ ಒಂದಾದ ಮೇಲೊಂದು ತಕರಾರು ತೆಗೆದ: ನಾನ್ಯಾರು, ಜನ ನಂಬುವುದಿಲ್ಲ, ನನ್ನ ನಾಲಿಗೆ ತೊದಲುತ್ತದೆ, ಬೇರೆ ಯಾರನ್ನಾದರೂ ಕಳಿಸು. ಯೆರೆಮೀಯ, ನೀನು ನನಗೆ ಮೋಸ ಮಾಡಿದೆ ಎನ್ನುವಷ್ಟು ಮುಂದೆ ಹೋದ. ಗೆತ್ಸೆಮನೆ ತೋಟದಲ್ಲಿ ಯೇಸು ಈ ಪಾತ್ರೆ ನನ್ನಿಂದ ತಪ್ಪಲಿ ಎಂದು ಬೇಡಿದ್ದು ಒಂದು ಸಲವಲ್ಲ. ಇವರನ್ನೆಲ್ಲ ಯಾರೂ ಓಡಿದವರು ಎನ್ನುವುದಿಲ್ಲ. ಅಂದಮೇಲೆ ಓಡುವುದು ಎಂದರೆ ಬೇಡವೆನ್ನುವುದಲ್ಲ, ಜಗಳವಾಡುವುದಲ್ಲ, ಜಾಗ ಬಿಡುವುದು ಕೂಡ ಅಲ್ಲ. ಕರೆದವನಿಗೆ ಓಗೊಡುವುದನ್ನು ನಿಲ್ಲಿಸುವುದೇ ಓಟ. ಅದಕ್ಕೆ ಹಡಗು ಬೇಕೇಬೇಕೆಂದಿಲ್ಲ. ಇದ್ದಲ್ಲೇ ಇದ್ದು ಓಡಬಹುದು. ಬ್ರೆಸಿಯಾಕರ ಕಥೆ ನನಗೆ ಮುಖ್ಯವಾಗುವುದು ಈ ಕೊನೆಯ ಮಾತಿಗಾಗಿ.

ಅವರನ್ನು ಕಾಡಿದ ಪ್ರಶ್ನೆ ಜಾತಿಯದು. ಚರ್ಚಿನ ಇತಿಹಾಸದಲ್ಲಿ ಅದಕ್ಕೆ ಮಲಬಾರ್ ಆಚಾರಗಳ ವಿವಾದ ಎಂದು ಹೆಸರು, ಆದರೆ ಮಲಬಾರಿಗಿಂತ ಮದುರೆ, ಮೈಸೂರು, ಕರ್ನಾಟಿಕ್ ಸೀಮೆಯ ಮಿಷನ್ನುಗಳಿಗೇ ಅದು ಹೆಚ್ಚು ಸಂಬಂಧಪಟ್ಟದ್ದು. 17ನೆಯ ಶತಮಾನದಲ್ಲಿ ಮದುರೆಯ ರಾಬರ್ಟ್ ದ ನೊಬಿಲಿ ಕಾವಿ ತೊಟ್ಟು, ಮಾಂಸ ಬಿಟ್ಟು, ಸಂನ್ಯಾಸಿಯಂತೆ ಬದುಕಿ ಮೇಲ್ಜಾತಿಯವರ ನಡುವೆ ಧರ್ಮ ಸಾರಿದರು. ಆ ದಾರಿಯಲ್ಲಿ ಒಂದಿಷ್ಟು ಆಚಾರಗಳು ಒಳಗೆ ಬಂದವು. ರೋಮಿನ ಪ್ರತಿನಿಧಿಯಾಗಿ ಬಂದ ತುರ್ನೋನ್ 1704ರಲ್ಲಿ ಪುದುಚೇರಿಯಲ್ಲಿ ಕೂತು ಒಂದು ಆಜ್ಞಾಪತ್ರ ಹೊರಡಿಸಿದರು. ಅದರ ಪಟ್ಟಿ ಓದಲು ವಿಚಿತ್ರವಾಗಿದೆ: ದೀಕ್ಷಾಸ್ನಾನದಲ್ಲಿ ಪಾದ್ರಿ ಎಂಜಲು ಮುಟ್ಟಿಸುವ ಕ್ರಮವನ್ನು ಇಲ್ಲಿನವರಿಗೆ ಹೇಸಿಗೆಯೆಂದು ಬಿಡಕೂಡದು, ಹಣೆಗೆ ಬೂದಿ ಕೂಡದು, ಮದುವೆಯಲ್ಲಿ ತೆಂಗಿನಕಾಯಿ ಒಡೆಯಕೂಡದು, ಮುಟ್ಟಾದ ಹೆಂಗಸನ್ನು ಸಂಸ್ಕಾರಗಳಿಂದ ದೂರ ಇಡಕೂಡದು, ಕ್ರೈಸ್ತ ವಾದ್ಯಗಾರರು ದೇವಸ್ಥಾನದ ಉತ್ಸವಗಳಲ್ಲಿ ನುಡಿಸಕೂಡದು. ಇವುಗಳ ನಡುವೆಯೇ, ಸಾಯುತ್ತಿರುವ ಪರಯನ ಮನೆಯೊಳಕ್ಕೆ ಹೋಗಿ ಸಂಸ್ಕಾರ ಕೊಡಲು ಪಾದ್ರಿ ಹಿಂದೆಗೆಯಕೂಡದು ಎಂದೂ ಇದೆ. ಎಂಜಲು, ಬೂದಿ, ಕಾಯಿಯ ವಿಷಯದಲ್ಲಿ ತುರ್ನೋನ್ ಹೊರಗಿನವರ ಹಾಗೆ ಮಾತಾಡಿದರು, ನನಗೆ ಅನುಮಾನವಿಲ್ಲ. ಕೊನೆಯದರಲ್ಲಿ ಮಾತ್ರ ಸುವಾರ್ತೆಯ ಮಾತೇ ಆಡಿದರು. ಒಂದೇ ಕಾಗದದಲ್ಲಿ ಅವಿವೇಕವೂ ಧರ್ಮವೂ ಬೆರೆತುಹೋದದ್ದರಿಂದ ಮುಂದಿನ 200 ವರ್ಷ ಎರಡನ್ನೂ ಬಿಡಿಸುವುದು ಕಷ್ಟವಾಯಿತು.

1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರ ಶಾಸನದಿಂದ ವಿವಾದ ಅಧಿಕೃತವಾಗಿ ಮುಗಿಯಿತು. ಆಚಾರಗಳಿಗೆ ನಿಷೇಧ, ಪರಯರಿಗಾಗಿ ಬೇರೆ ಪಾದ್ರಿಗಳನ್ನು ಇಟ್ಟುಕೊಳ್ಳಲು ಒಂದು ರಿಯಾಯಿತಿ. ಬಂದ ಪ್ರತಿಯೊಬ್ಬ ಮಿಷನರಿಯೂ ಈ ಶಾಸನಕ್ಕೆ ಬದ್ಧನೆಂದು ಪ್ರಮಾಣ ಮಾಡಲೇಬೇಕು. ಪ್ರಮಾಣ ಮಾಡಿ ಹಳ್ಳಿಗೆ ಹೋದರೆ ಅಲ್ಲಿ ನಡೆಯುವುದು ಇನ್ನೊಂದೇ: ಇಗರ್ಜಿಯಲ್ಲಿ ಜಾತಿಗೊಂದು ಜಾಗ, ಜಾತಿಗೊಂದು ಸ್ಮಶಾನ, ಹಬ್ಬದ ತೇರಿನಲ್ಲಿ ಜಾತಿಗೊಂದು ಮರ್ಯಾದೆ. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಎದ್ದ ಇಗರ್ಜಿಗೆ ಪ್ಯಾಂಟಿನ ಆಕಾರ. ಎರಡು ಕಾಲುಗಳಲ್ಲಿ ಎರಡು ಜಾತಿಯವರು ಒಬ್ಬರ ಮುಖ ಇನ್ನೊಬ್ಬರು ನೋಡದೆ ಕೂತು ಒಂದೇ ಪೀಠದ ಪೂಜೆ ಕಾಣಬಹುದು. ನಡುವಿನ ಗೋಡೆಗಳು ಬಿದ್ದದ್ದು 1910ರಲ್ಲಿ, ಆಮೇಲೆ ಕೋರ್ಟು ಕಚೇರಿ.

ಪ್ರಮಾಣಕ್ಕೂ ಪದ್ಧತಿಗೂ ನಡುವಿನ ಈ ಕಂದಕವನ್ನು ಹೆಚ್ಚಿನವರು ಸಹಿಸಿಕೊಂಡರು. ಅವರನ್ನು ಒಟ್ಟಾರೆ ಕಪಟಿಗಳು ಎನ್ನುವುದು ಅನ್ಯಾಯ. ಬಿಸಿಲು, ಕಾಲರಾ, ಬಡತನದ ನಡುವೆ ಹತ್ತಾರು ಹಳ್ಳಿ ಸುತ್ತಿ ದುಡಿದ ಜನ ಅವರು. ಆದರೆ ಆ ಒಂದು ಪ್ರಶ್ನೆಯ ಹತ್ತಿರ ಬಂದಾಗ ಮಾತು ನಿಲ್ಲುತ್ತಿತ್ತು. ಇಲ್ಲಿನ ರೂಢಿಯೇ ಹೀಗೆ, ಹಿಂದಿನವರೂ ಹೀಗೆಯೇ ನಡೆಸಿದ್ದರು, ಕೆದಕಿದರೆ ಇರುವ ಕ್ರೈಸ್ತರೂ ಹೋಗುತ್ತಾರೆ. ಅವರು ನಿನೆವೆಯಲ್ಲೇ ಇದ್ದರು, ನಿನೆವೆಯಲ್ಲೇ ಸತ್ತರು. ಆ ವಿಷಯದಲ್ಲಿ ಮಾತ್ರ ಅವರದು ಹಡಗಿನ ತಳದ ನಿದ್ದೆ ಎನ್ನದೆ ವಿಧಿಯಿಲ್ಲ.

ಬ್ರೆಸಿಯಾಕ್ ಜಾತಿವಿನಾಶದ ಹೋರಾಟಗಾರರಲ್ಲ. ಇಂದಿನ ಕಣ್ಣಿನಿಂದ ಅವರನ್ನು ಹಾಗೆ ಸಿಂಗರಿಸುವುದು ಬೇಡ. ಇಲ್ಲಿನ ಎಷ್ಟೋ ಪದ್ಧತಿಗಳನ್ನು ಲೌಕಿಕ ರೂಢಿಯೆಂದು ಬಿಟ್ಟುಬಿಡಬಹುದು ಎನ್ನುವ ಕಡೆಗೇ ಅವರ ಒಲವಿತ್ತು. ಅವರ ಆಸೆ ಬೇರೆಡೆ ಇತ್ತು: ಈ ನೆಲದವರೇ ಪಾದ್ರಿಗಳಾಗಬೇಕು, ಬಿಷಪ್ಪರೂ ಆಗಬೇಕು. 1844ರ ಪುದುಚೇರಿ ಸಿನೊಡ್ ದೇಶೀಯ ಪಾದ್ರಿಗಳ ಪರವಾಗಿ ಮಾತಾಡಿತ್ತು. ಇವರು ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ಕರುಮತ್ತಂಪಟ್ಟಿಯಲ್ಲಿ ಗುರುಮಠ ನಡೆಸಿದರು. ತಮ್ಮವರೇ ಆದ ಯುರೋಪಿಯನ್ ಪಾದ್ರಿಗಳಲ್ಲಿ ಹಲವರಿಗೆ ಅದು ರುಚಿಸಲಿಲ್ಲ. ಜಾತಿಯ ಪ್ರಶ್ನೆಯಲ್ಲಿ ಅವರು ಕೇಳಿದ್ದು ಒಂದೇ: ನಾವು ಪ್ರಮಾಣ ಮಾಡಿದ್ದೇವೆ, ಪ್ರಮಾಣಕ್ಕೆ ವಿರುದ್ಧವಾಗಿ ನಡೆಯುತ್ತಿದ್ದೇವೆ, ಒಂದೋ ಪ್ರಮಾಣ ತಪ್ಪು, ಇಲ್ಲವೋ ನಡೆ ತಪ್ಪು, ಯಾವುದೆಂದು ರೋಮ್ ಬಾಯಿಬಿಟ್ಟು ಹೇಳಲಿ. ಪತ್ರ ಬರೆದರು, ವರ್ಷಗಟ್ಟಲೆ ಬರೆದರು. ಬೇಕಾದ ಸ್ಪಷ್ಟ ಉತ್ತರ ಬರಲಿಲ್ಲ. ಕೊನೆಗೆ, ಅನುಮಾನ ಇಟ್ಟುಕೊಂಡು ಅಧಿಕಾರ ನಡೆಸಲಾರೆ ಎಂದು ಎದ್ದು ಹೋದರು.

ಯೋನ ಮಾಡದೆ ಇದ್ದದ್ದನ್ನೇ ಇವರು ಮಾಡಿದ್ದು. ಹೋಗುವ ಮೊದಲು ಕೇಳಿದರು, ಹೋದದ್ದೂ ಯಾರನ್ನು ಕೇಳಿದ್ದರೋ ಅವರ ಬಾಗಿಲಿಗೇ. ಹಾಗಾಗಿ ಇದನ್ನು ಓಟ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಬಿಟ್ಟುಹೋಗುವ ಯಾರು ಬೇಕಾದರೂ ನಾನು ಪ್ರಶ್ನೆ ಕೇಳಿದ್ದೆ, ಉತ್ತರ ಸಿಗಲಿಲ್ಲ ಎಂದು ಹೇಳಿ ಪಾರಾಗಬಹುದಲ್ಲ? ಈ ಆಕ್ಷೇಪ ಗಟ್ಟಿಯಾದದ್ದು. ಇದಕ್ಕೆ ಅಬ್ಬೆ ದುಬ್ವಾ ಅವರನ್ನು ನೆನೆಯದೆ ದಾರಿಯಿಲ್ಲ, ಕನ್ನಡದ ಓದುಗರಿಗೆ ಅವರು ಹೊಸಬರೂ ಅಲ್ಲ. 1792ರಲ್ಲಿ ಪುದುಚೇರಿಗೆ ಬಂದು ತಮಿಳು ಸೀಮೆಯಲ್ಲಿ ದುಡಿದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು. ಇಲ್ಲಿನವರ ಉಡುಗೆ ತೊಟ್ಟರು, ಇಲ್ಲಿನವರ ಊಟ ಉಂಡರು. ಸಿಡುಬಿನ ಲಸಿಕೆ ಹೊಸದಾಗಿ ಬಂದಾಗ ಮೈಸೂರು ಸೀಮೆಯ ಜನರಿಗೆ ಅದನ್ನು ಹಾಕಿಸಲು ಓಡಾಡಿದರು. ಹಾಸನದ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಅವರು ಬರೆದದ್ದನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಮೂವತ್ತು ವರ್ಷದ ಮೇಲೆ, 1823ರಲ್ಲಿ, ಕಂಪನಿಯ ಪಿಂಚಣಿಯೊಂದಿಗೆ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಬಂದ ಅವರ ಪತ್ರಗಳ ಪುಸ್ತಕದ ಸಾರ ಇಷ್ಟು: ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ, ಅದರ ಕಾಲ ಮುಗಿದುಹೋಯಿತು. ಪ್ರೊಟೆಸ್ಟೆಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ಜೇಮ್ಸ್ ಹಫ್ ಪುಸ್ತಕವನ್ನೇ ಬರೆದರು.

ದುಬ್ವಾ ಓಡಿದರೇ? ನಾನು ಸೋತೆ ಎಂದು ಅವರು ಒಪ್ಪಿಕೊಂಡದ್ದು ನನಗೆ ಅಪ್ರಾಮಾಣಿಕ ಎನಿಸುವುದಿಲ್ಲ. ಲಸಿಕೆಯ ಸೂಜಿ, ಸಾತಳ್ಳಿಯ ನೇಗಿಲು ಸೋಲಿನ ಲೆಕ್ಕದಲ್ಲಿ ಬರುವಂಥವೂ ಅಲ್ಲ. ನನ್ನ ತಕರಾರು ಇರುವುದು ಅವರ ತೀರ್ಮಾನದ ಧಾಟಿಯಲ್ಲಿ. ನನ್ನಿಂದ ಆಗಲಿಲ್ಲ ಎಂಬಲ್ಲಿಗೆ ಅವರು ನಿಲ್ಲುವುದಿಲ್ಲ, ಈ ಜನರಿಂದ ಆಗದು ಎನ್ನುತ್ತಾರೆ. ತನ್ನ ಸೋಲನ್ನು ಊರಿನ ಹಣೆಬರಹ ಮಾಡುತ್ತಾರೆ. ಯೋನನ ನಾಲ್ಕನೆಯ ಅಧ್ಯಾಯದ ಸಿಟ್ಟು ಇದಕ್ಕೆ ದೂರದ್ದಲ್ಲ: ಅವನೂ ನಿನೆವೆ ಏನಾಗಬೇಕೆಂದು ತಾನೇ ತೀರ್ಮಾನಿಸಿ, ಹೊರಗೆ ಚಪ್ಪರ ಹಾಕಿಕೊಂಡು ಕೂತು ನೋಡುತ್ತಾನೆ. ಬ್ರೆಸಿಯಾಕ್ ಪಟ್ಟ ಬಿಡುವಾಗ ಕೊಯಮತ್ತೂರು ಸುತ್ತಿನ ಕೊಂಗುನಾಡಿನ ಜನರ ಮೇಲೆ ತೀರ್ಪು ಬರೆಯಲಿಲ್ಲ. ಕುತೂಹಲದ ವಿಷಯವೆಂದರೆ, 1841ರಲ್ಲಿ ತರುಣ ಬ್ರೆಸಿಯಾಕ್ ಪ್ಯಾರಿಸ್ಸಿನ ವಿದೇಶೀ ಮಿಷನ್ನುಗಳ ಗುರುಮಠಕ್ಕೆ ಸೇರಿದಾಗ ಅದೇ ಮನೆಯಲ್ಲಿ ಮುದುಕ ದುಬ್ವಾ ಇದ್ದರು; 1848ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆಗದು ಎಂದು ಬರೆದವರೂ, ಇಲ್ಲಿನವರೇ ಬಿಷಪ್ಪರಾಗುತ್ತಾರೆ ಎಂದು ನಂಬಲಿದ್ದವರೂ ಒಂದೇ ಸೂರಿನಡಿ.

ಇನ್ನೊಂದು ಆಕ್ಷೇಪ ಭಕ್ತರ ಕಡೆಯಿಂದ ಬರುತ್ತದೆ. ವಿಧೇಯತೆಗೆ ವಾದ ಏಕೆ? ಅಬ್ರಹಾಮನು ಮಗನನ್ನು ಕರೆದುಕೊಂಡು ಮೊರೀಯ ಬೆಟ್ಟಕ್ಕೆ ನಡೆದಾಗ ಒಂದು ಪ್ರಶ್ನೆ ಕೇಳಿದನೇ? ಕೇಳಲಿಲ್ಲ ನಿಜ. ಆದರೆ ಆ ಅಧ್ಯಾಯದಲ್ಲಿ ಅವನನ್ನು ಕರೆದಾಗಲೆಲ್ಲ ಇಲ್ಲೇ ಇದ್ದೇನೆ ಎಂದು ಓಗೊಡುತ್ತಾನೆ. ಮೊದಲು ದೇವರಿಗೆ, ನಡುದಾರಿಯಲ್ಲಿ ಮಗನಿಗೆ, ಕತ್ತಿ ಎತ್ತಿದಾಗ ದೂತನಿಗೆ. ನಡುವಿನದು ಮುಖ್ಯ. ದೇವರಿಗೆ ವಿಧೇಯನಾಗಿದ್ದೇನೆಂದು ಮಗನ ಪ್ರಶ್ನೆಗೆ ಅವನು ಕಿವುಡಾಗಲಿಲ್ಲ. ಸೊದೋಮಿನ ವಿಷಯದಲ್ಲಂತೂ ಇದೇ ಅಬ್ರಹಾಮ ಐವತ್ತರಿಂದ ಹತ್ತರವರೆಗೆ ಚೌಕಾಸಿ ಮಾಡಿದವನು. ಪ್ರಶ್ನೆ ಬೇಡ, ಸುಮ್ಮನೆ ಒಪ್ಪು ಎನ್ನುವವರು ಸಾಮಾನ್ಯವಾಗಿ ದೇವರ ಪರವಾಗಿ ಮಾತಾಡುತ್ತಿರುವುದಿಲ್ಲ. ತಮ್ಮ ಪರವಾಗಿ ಮಾತಾಡುತ್ತಿರುತ್ತಾರೆ. ಹೊಡೆಯುವ ಗಂಡನ ಮನೆಗೆ ಮರಳು, ಅದೇ ದೇವರ ಚಿತ್ತ ಎಂದು ಹೆಣ್ಣಿಗೆ ಬುದ್ಧಿ ಹೇಳುವವರನ್ನು ಎಲ್ಲ ಸಭೆಗಳಲ್ಲೂ ಕಂಡಿದ್ದೇವೆ.

ಕೊಯಮತ್ತೂರಿನಲ್ಲೇ ಶತಮಾನದ ನಂತರ ಇನ್ನೊಬ್ಬ ಬಿಷಪ್ ಇದ್ದರು, ದಕ್ಷಿಣ ಭಾರತ ಸಭೆಯ ಎ. ಜೆ. ಅಪ್ಪಾಸಾಮಿ. 1950ರಲ್ಲಿ ಹೊಸದಾಗಿ ಆದ ಕೊಯಮತ್ತೂರು ಧರ್ಮಪ್ರಾಂತದ ಮೊದಲ ಬಿಷಪ್. ಕ್ರೈಸ್ತ ಬದುಕನ್ನು ಭಕ್ತಿಮಾರ್ಗವೆಂದು ಓದಿ 1927ರಷ್ಟು ಹಿಂದೆಯೇ ಪುಸ್ತಕ ಬರೆದವರು. ದೇವರ ಚಿತ್ತವನ್ನು ಕಟ್ಟಳೆಯೆಂದು ಕಾಣುವುದಕ್ಕೂ ಒಲಿದವನ ಮನಸ್ಸೆಂದು ಕಾಣುವುದಕ್ಕೂ ಇರುವ ಅಂತರ ಭಕ್ತಿಪರಂಪರೆಯ ಕನ್ನಡಿಗನಿಗೆ ವಿವರಿಸಬೇಕಾಗಿಲ್ಲ. ನಮ್ಮ ಶರಣರೂ ದಾಸರೂ ದೇವರನ್ನು ಬೈದಿದ್ದಾರೆ, ಮುನಿದಿದ್ದಾರೆ, ಹಂಗಿಸಿದ್ದಾರೆ. ಅದನ್ನು ಅವಿಧೇಯತೆ ಎಂದು ಯಾರೂ ಬಗೆದಿಲ್ಲ.

ಇಷ್ಟು ಹೇಳಿ ಬ್ರೆಸಿಯಾಕರನ್ನು ಪೂರ್ತಿ ಪಾರುಮಾಡಲು ಬರುವುದಿಲ್ಲ. ಅವರ ಬದುಕಿನಲ್ಲಿ ಬಿಟ್ಟುಹೋಗುವುದು ಒಂದು ಸಲದ್ದಲ್ಲ. ಮಗ ಮಿಷನರಿಯಾಗಲು ಅಪ್ಪ ಒಪ್ಪಿರಲಿಲ್ಲ. ಮಗ ಕಾಸ್ತೆಲ್ನೊದಾರಿಯ ಮನೆಯವರಿಗೆ ವಿದಾಯ ಹೇಳದೆಯೇ ಹೊರಟುಬಂದಿದ್ದ. ಕೊಯಮತ್ತೂರು ಬಿಟ್ಟ ಮೇಲೂ ಸುಮ್ಮನೆ ಕೂರಲಿಲ್ಲ. 1856ರ ಡಿಸೆಂಬರ್ 8ರಂದು ಲಿಯೋನಿನಲ್ಲಿ ಆಫ್ರಿಕಾ ಮಿಷನ್ನುಗಳ ಸಂಘ ಕಟ್ಟಿದರು. ದಹೋಮೆಗೆ ಹೋಗುವ ಆಸೆ, ರೋಮ್ ಕೊಟ್ಟದ್ದು ಸಿಯೆರಾ ಲಿಯೋನ್. ಮೊದಲ ತಂಡವನ್ನು ಮುಂದೆ ಕಳಿಸಿ ತಾವು 1859ರ ಮೇ 14ರಂದು ಫ್ರೀಟೌನ್ ತಲುಪಿದರು. ಊರಿನಲ್ಲಿ ಹಳದಿ ಜ್ವರ. ಇಳಿಯಬೇಡಿ ಎಂದು ಹಡಗಿನ ಕಪ್ತಾನ ಹೇಳಿದ, ಇಳಿದರು. ಜೂನ್ 25ರಂದು, 45ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಜೊತೆಗಿದ್ದವರಲ್ಲಿ ಹೆಚ್ಚಿನವರೂ ಆ ಕೆಲವೇ ವಾರಗಳಲ್ಲಿ ಹೋದರು.

ಜೀವನಚರಿತ್ರೆಕಾರರು ಇದನ್ನು ವಿಧೇಯತೆಯ ಶಿಖರ ಎನ್ನುತ್ತಾರೆ. ನಾನು ಅಷ್ಟು ಬೇಗ ತಲೆದೂಗಲಾರೆ. ಒಮ್ಮೆ ಬಿಟ್ಟುಬಂದವನು ಎಂಬ ಮಾತು ಒಳಗೆ ಕೊರೆಯುತ್ತಿದ್ದವನಿಗೆ ಎರಡನೆಯ ಸಲ ಹಡಗಿನಲ್ಲೇ ಉಳಿಯುವ ಧೈರ್ಯ ಬಾರದೇ ಹೋಗಿರಬಹುದು; ಇದು ನನ್ನ ಊಹೆ ಮಾತ್ರ. ಇನ್ನೊಂದು ಕಡೆ, ತಾವು ಕಳಿಸಿದವರು ಆಗಲೇ ಆ ಊರಿನಲ್ಲಿದ್ದರು. ಅವರನ್ನು ಜ್ವರಕ್ಕೆ ಬಿಟ್ಟು ದಡ ನೋಡಿ ಮರಳಿದ್ದರೆ ನಾವೇ ಹೀನಾಯವಾಗಿ ಬರೆಯುತ್ತಿದ್ದೆವು. ಎರಡೂ ಸರಿ ಎನಿಸುತ್ತದೆ, ನನಗೆ ಬಗೆಹರಿದಿಲ್ಲ. ಒಂದಂತೂ ನಿಜ: ಯೋನನ ಹಡಗಿನಲ್ಲಿ ಓಡುವವನ ಲೆಕ್ಕವನ್ನು ನಾವಿಕರು ತಮ್ಮ ಸರಕು ಎಸೆದು ತೀರಿಸಿದ್ದರು. ಫ್ರೀಟೌನಿನಲ್ಲಿ ಬ್ರೆಸಿಯಾಕ್ ಬೇರೆಯವರನ್ನು ಮುಂದಿಟ್ಟು ತಾವು ಉಳಿಯಲಿಲ್ಲ. ಲಿಯೋನಿನಲ್ಲಿ ಉಳಿದಿದ್ದ ಅವರ ಜೊತೆಗಾರ ಅಗಸ್ಟಿನ್ ಪ್ಲಾಂಕ್ ಆ ಸಾವುಗಳ ಸುದ್ದಿಯ ಮೇಲೂ ಸಂಘವನ್ನು ಮುಚ್ಚದೆ ನಡೆಸಿದರು. ಅದು ಇವತ್ತಿಗೂ ಆಫ್ರಿಕಾದಲ್ಲಿದೆ. ಬ್ರೆಸಿಯಾಕರನ್ನು 2020ರಲ್ಲಿ ರೋಮ್ ಪೂಜ್ಯರ ಸಾಲಿಗೆ ಸೇರಿಸಿತು.

ದೇವರ ಚಿತ್ತ ಎಂಬ ಮಾತು ಇವತ್ತು ಕೊಂಗು ಸೀಮೆಯಲ್ಲಿ ಯಾವ ಯಾವ ವಿಷಯಕ್ಕೆ ಬಳಕೆಯಾಗುತ್ತಿದೆ ಎಂದು ನೋಡಿದರೆ ಬೇಸರವಾಗುತ್ತದೆ. ಪ್ರಾರ್ಥನೆಯ ಚೀಟಿಗಳಲ್ಲಿ ಹೆಚ್ಚು ಬರುವುದು ಕೆಲಸ, ಮದುವೆ, ವೀಸಾ, ಸಾಲ. ಯಾವ ಹುಡುಗಿ, ಯಾವ ಕಂಪನಿ ಎಂಬುದರಲ್ಲಿ ದೇವರ ಗುಟ್ಟಾದ ಯೋಜನೆಯೊಂದು ಅಡಗಿದೆ, ಉಪವಾಸವಿದ್ದು ಅದನ್ನು ಪತ್ತೆಹಚ್ಚಬೇಕು ಎಂಬ ನಂಬಿಕೆ. ಬಡವನ ಚಿಂತೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ; ತಿಂಗಳ ಬಾಡಿಗೆಗೆ ಪ್ರಾರ್ಥಿಸುವುದರಲ್ಲಿ ತಪ್ಪೇನು? ಗುಟ್ಟಾದ ಚಿತ್ತವನ್ನು ಹುಡುಕುವ ಭರದಲ್ಲಿ ಬಹಿರಂಗವಾಗಿ ಹೇಳಿರುವ ಚಿತ್ತ ಮರೆತುಹೋಗುತ್ತದಲ್ಲ, ಅದು ನನ್ನ ತೊಂದರೆ. ಕೂಲಿಯವನ ಕೂಲಿ ಹಿಡಿಯಬೇಡ ಎನ್ನಲು ಯಾವ ದರ್ಶನವೂ ಬೇಕಿಲ್ಲ. ಅದು ಮೋಶೆಯ ಕಾಲದಿಂದ ಬರೆದಿಟ್ಟದ್ದು.

ತಿರುಪ್ಪೂರನ್ನೇ ನೋಡಿ. ಬನಿಯನ್ ಊರು ಎಂದು ನಾವು ಕರೆಯುವ ಈ ಪಟ್ಟಣದ ಬಣ್ಣದ ಕಾರ್ಖಾನೆಗಳ ನೀರು ದಶಕಗಳ ಕಾಲ ನೊಯ್ಯಲ್ ನದಿಗೆ ಹರಿಯಿತು. 1992ರಲ್ಲಿ ನೀರಾವರಿಗೆಂದು ಕಟ್ಟಿ ಮುಗಿಸಿದ ಒರತುಪಾಳಯಂ ಅಣೆಕಟ್ಟೆಯಲ್ಲಿ ಹೊಲಕ್ಕೆ ಬೇಕಾದ ನೀರಿನ ಬದಲು ಆ ಬಣ್ಣದ ನೀರು ತುಂಬಿತು. ಕೆಳಗಿನ ಊರುಗಳ ಬಾವಿ ಉಪ್ಪಾಯಿತು, ಹೊಲಕ್ಕೂ ದನಕ್ಕೂ ಆ ನೀರು ಬಾರದಾಯಿತು. ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸುವ ಆದೇಶ ಕೊಟ್ಟ ಮೇಲೆಯೇ, ಒಂದು ಹನಿಯೂ ಹೊರಬಿಡದಂತೆ ಶುದ್ಧಮಾಡುವ ವ್ಯವಸ್ಥೆ ಅನಿವಾರ್ಯವಾಯಿತು. ಈ ಪಾಪ ಒಂದು ಧರ್ಮದವರದಲ್ಲ. ಕಾರ್ಖಾನೆಯವರು, ಕೂಲಿಯವರು, ರೈತರು ಎಲ್ಲ ಧರ್ಮದವರೂ ಇದ್ದರು. ಆದರೆ ಯೋನನ ಪುಸ್ತಕವನ್ನು ಪವಿತ್ರವೆಂದು ನಂಬುವವರಿಗೆ ಒಂದು ಹೆಚ್ಚಿನ ಹೊಣೆ ಇದೆ. ಆ ಪುಸ್ತಕ ಮುಗಿಯುವುದು ಯೋನನ ಪಶ್ಚಾತ್ತಾಪದಿಂದಲ್ಲ, ದೇವರ ಒಂದು ಪ್ರಶ್ನೆಯಿಂದ: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರಿರುವ, ಬಹಳ ದನಗಳೂ ಇರುವ ಈ ದೊಡ್ಡ ಊರಿಗಾಗಿ ನಾನು ಮರುಗಬಾರದೇ? ದನಗಳನ್ನೂ ಲೆಕ್ಕಕ್ಕೆ ಹಿಡಿದ ದೇವರು ಅವನು. ತಿರುಪ್ಪೂರಿನಲ್ಲಿ ಆ ಪ್ರಶ್ನೆಯನ್ನು ಎತ್ತಿಕೊಂಡು ಹೋದವರು ಪ್ರವಾದಿಗಳಲ್ಲ, ಆಯಕಟ್ಟಿನ ರೈತರು.

ಬ್ರೆಸಿಯಾಕ್ ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ಕಾಲ ಉತ್ತರ ಕೊಟ್ಟಿತು, ನಿಧಾನವಾಗಿ. ಆಚಾರಗಳ ಮೇಲಿನ ಪ್ರಮಾಣವನ್ನು ರೋಮ್ 1940ರ ಏಪ್ರಿಲ್‌ನಲ್ಲಿ ರದ್ದುಮಾಡಿತು. ಅವರು ಹೋಗಿ ಸುಮಾರು ನೂರು ವರ್ಷವಾದ ಮೇಲೆ ಫ್ರಾನ್ಸಿಸ್ ಸೇವಿಯರ್ ಮುತ್ತಪ್ಪ ಕೊಯಮತ್ತೂರಿನ ಬಿಷಪ್ ಆದರು. ದೇಶೀಯ ಬಿಷಪ್ ಎಂಬುದು ಆಮೇಲೆ ಸಾಮಾನ್ಯ ಸಂಗತಿಯಾಯಿತು. ಎಂಜಲು, ಬೂದಿ, ತೆಂಗಿನಕಾಯಿಯ ಜಗಳ ಇವತ್ತು ಯಾರಿಗೂ ನೆನಪಿಲ್ಲ.

ಉಳಿದದ್ದು ತುರ್ನೋನ್ ಪಟ್ಟಿಯ ಆ ಒಂದು ಬಾಬತ್ತು, ಪರಯನ ಮನೆಯೊಳಕ್ಕೆ ಹೋಗುವುದು. ಬ್ರೆಸಿಯಾಕ್ ಅದನ್ನು ಕೇಳಿದರು ನಿಜ. ಕೇಳಿ ಹೊರಟುಹೋದರು, ಪ್ರಶ್ನೆ ಇಲ್ಲೇ ಉಳಿಯಿತು, ಅದರ ಭಾರ ಹೊತ್ತವರು ದಲಿತ ಕ್ರೈಸ್ತರು. ಅವರ ಪ್ರಾಮಾಣಿಕತೆಯನ್ನು ಎಷ್ಟೇ ಗೌರವಿಸಿದರೂ ಈ ಬಾಕಿಯನ್ನು ಮರೆಯಲು ಆಗುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ತಮಿಳುನಾಡಿನಲ್ಲಿ ಅವನನ್ನು ಹಿಂದುಳಿದ ವರ್ಗದಲ್ಲಿ ಎಣಿಸುತ್ತಾರೆ. ಈ ವಿಷಯ ಪರಿಶೀಲಿಸಲೆಂದು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಅದೇ ವರ್ಷ ಹೈದರಾಬಾದಿನ ಆರ್ಚ್‌ಬಿಷಪ್ ಆಂಥನಿ ಪೂಲ ಕಾರ್ಡಿನಲ್ ಆದರು, ದಲಿತ ಸಮುದಾಯದಿಂದ ಆ ಸ್ಥಾನಕ್ಕೆ ಏರಿದವರಲ್ಲಿ ಮೊದಲಿಗರು. ಸರ್ಕಾರದ ಮುಂದೆ ನಮ್ಮಲ್ಲಿ ಜಾತಿ ಇದೆ, ಮೀಸಲಾತಿ ಕೊಡಿ ಎನ್ನುವ ಸಭೆಯೇ ತನ್ನ ಸ್ಮಶಾನದ ವಿಷಯ ಬಂದಾಗ ಜಾತಿ ಎಲ್ಲಿದೆ ಎಂದು ಕೇಳುವುದನ್ನು ತಮಿಳುನಾಡಿನ ದಲಿತ ಕ್ರೈಸ್ತರು ಎತ್ತಿ ತೋರಿಸುತ್ತ ಬಂದಿದ್ದಾರೆ. ಬಿಷಪ್ಪರಿಗೆ ಮನವಿ ಕೊಡುತ್ತಾರೆ, ರೋಮಿಗೆ ಬರೆಯುತ್ತಾರೆ, ಬಿಷಪ್ಪರ ಮನೆಯ ಮುಂದೆ ಧರಣಿ ಕೂರುತ್ತಾರೆ. ಸಭೆಯ ಶಾಂತಿ ಕದಡುವವರು, ಅವಿಧೇಯರು ಎಂದು ಅವರನ್ನು ಬೈಯುವವರಿದ್ದಾರೆ. ಭಾನುವಾರ ಅದೇ ಇಗರ್ಜಿಯಲ್ಲಿ, ತಮಗೆ ಬಿಟ್ಟುಕೊಟ್ಟ ಜಾಗದಲ್ಲಿ, ಅವರೂ ಪೂಜೆಗೆ ಬರುತ್ತಾರೆ. ಸೋಮವಾರ ಇನ್ನೊಂದು ಅರ್ಜಿ ಬರೆಯುತ್ತಾರೆ.